ಅಪ್ಪ ಗುಳೆ ಹೋದಾಗ ಅಡುಗೆಮನೆಯ ಲೆಕ್ಕ



ಸುಗ್ಗಿ ಮುಗಿದ ಮೇಲೆ ನಮ್ಮ ರಾಯಚೂರು, ಕೊಪ್ಪಳ ಭಾಗದ ಎಷ್ಟೋ ಮನೆಗಳಿಂದ ಗಂಡಸರು ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಅತ್ತೆ, ಮಾವ, ತಾಯಿ, ನಾಲ್ಕೈದು ಮಕ್ಕಳು. ಒಂದು ತಿಂಗಳು ದುಡ್ಡು ಬರುತ್ತದೆ. ಇನ್ನೊಂದು ತಿಂಗಳು "ಮೇಸ್ತ್ರಿ ಇನ್ನೂ ಕೊಟ್ಟಿಲ್ಲ" ಅಂತ ಫೋನು ಮಾತ್ರ ಬರುತ್ತದೆ. ಇಂಥ ದಿನಗಳಲ್ಲಿ ಎಂಟು ಹೊಟ್ಟೆ ತುಂಬಿಸುವುದು ಹೇಗೆ ಎಂಬುದೇ ಈ ಸಲದ ಪಾಠ.

ಒಂದು ಹಳ್ಳಿಯ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುತ್ತಿದ್ದಾಗ ಐದು ಮಕ್ಕಳ ತಾಯಿಯೊಬ್ಬರು ತಲೆ ತಿರುಗಿ ಗೋಡೆಗೆ ಒರಗಿಬಿಟ್ಟರು. ಆಸ್ಪತ್ರೆಗೆ ಕರೆದೊಯ್ದೆವು. ರಕ್ತದಲ್ಲಿ ಹಿಮೋಗ್ಲೋಬಿನ್ 7 ಇತ್ತು, ಇರಬೇಕಾದ್ದು 12. ಏನು ಉಣ್ಣುತ್ತೀರಿ ಎಂದು ಕೇಳಿದೆವು. "ಅವರು ಇಲ್ಲಂದ್ರ ಬ್ಯಾಳಿ ಯಾರಿಗಂತ ಮಾಡೂದ್ರೀ ಸಿಸ್ಟರ್? ನಾವು ಹೆಂಗೋ ರೊಟ್ಟಿ, ಖಾರ ತಿಂದು ನೀರು ಕುಡೀತೀವಿ" ಅಂದರು. ಅಂದರೆ ಗಂಡ ಬಸ್ಸು ಹತ್ತಿದ ದಿನವೇ ಆ ಮನೆಯಲ್ಲಿ ಬೇಳೆ ನಿಂತಿತ್ತು. ಆಮೇಲೆ ನಿಂತದ್ದು ತಾಯಿಯ ಊಟ. ಎಷ್ಟೋ ಮನೆಗಳಲ್ಲಿ ಉಳಿತಾಯ ಶುರುವಾಗುವುದು ಹೀಗೆಯೇ, ತಪ್ಪು ತುದಿಯಿಂದ.

ನಾವೂ ಮೊದಮೊದಲು ಸೇಬು, ಹಾಲು, ಮೀನಿನ ಚಿತ್ರದ ಚಾರ್ಟು ಹಿಡಿದು ಹಳ್ಳಿಗೆ ಹೋದವರೇ. ತಾಯಂದಿರು ನಕ್ಕರು. ನಕ್ಕದ್ದು ಸರಿ. ನಮ್ಮ ಭಾಗದ ಪೌಷ್ಟಿಕ ಆಹಾರ ನಮ್ಮ ಸಂತೆಯಲ್ಲೇ ಇದೆ: ಜೋಳ, ಹುರುಳಿ, ಮಡಿಕೆ, ಅಲಸಂದಿ, ಹೆಸರು, ಶೇಂಗಾ. ಬರೀ ರೊಟ್ಟಿ ಅಥವಾ ಬರೀ ಅನ್ನ ಹೊಟ್ಟೆ ತುಂಬಿಸಬಹುದು. ಮಕ್ಕಳು ಬೆಳೆಯಲು ಅದರ ಜೊತೆಗೆ ಕಾಳು ಬೇಕು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ತೊಗರಿಬೇಳೆಗಿಂತ ಅದೇನೂ ಕಡಿಮೆಯಲ್ಲ, ಬೆಲೆ ಮಾತ್ರ ಸಾಮಾನ್ಯವಾಗಿ ಕಡಿಮೆ. ದನಕ್ಕೆ ಹಾಕೋದು ಅಂತ ಹೀಗಳೆಯಬೇಡಿ.

ಎಂಟು ಮಂದಿಗೆ ದಿನಕ್ಕೆ ಬೇಳೆ, ಕಾಳು ಸೇರಿ ಅರ್ಧ ಕೆ.ಜಿ. ಆದರೆ ಒಳ್ಳೆಯದು. ತಿಂಗಳಿಗೆ 15 ಕೆ.ಜಿ. ಅಬ್ಬಾ ಅನ್ನಬೇಡಿ. ಶಾಲೆಯ ದಿನಗಳಲ್ಲಿ ಮಕ್ಕಳು ಮಧ್ಯಾಹ್ನ ಅಲ್ಲೇ ಉಣ್ಣುವುದರಿಂದ ಅದಕ್ಕಿಂತ ಕಡಿಮೆಯಲ್ಲೂ ನಡೆಯುತ್ತದೆ. ಊರಿಂದ ದುಡ್ಡು ಬಂದ ದಿನವೇ ಮೊದಲು ತಿಂಗಳ ಕಾಳು, ಎಣ್ಣೆ, ಶೇಂಗಾ ತಂದು ಡಬ್ಬಿಗೆ ಹಾಕಿ, ಉಳಿದದ್ದು ಆಮೇಲೆ. ಅಂಗಡಿಯಲ್ಲಿ ದಿನಾ ಕಾಲು ಕಾಲು ಕೆ.ಜಿ. ಉದ್ರಿ ತರುವವರಿಗೆ ತೂಕವೂ ಕಡಿಮೆ, ದರವೂ ಹೆಚ್ಚು. ಸಂಘದ ಹತ್ತು ಮನೆ ಸೇರಿ ಸಂತೆಯಲ್ಲಿ ಒಂದು ಚೀಲ ಕಾಳು ಕೊಂಡು ಹಂಚಿಕೊಂಡರೆ ಇನ್ನೂ ಅಗ್ಗ.

ಈಗ ಒಂದು ಲೆಕ್ಕ ಮಾಡೋಣ. ಐದು ಮಕ್ಕಳಿಗೆ ದಿನಕ್ಕೊಂದು 5 ರೂಪಾಯಿ ಚಿಪ್ಸ್ ಪ್ಯಾಕೆಟ್. ದಿನಕ್ಕೆ 25, ತಿಂಗಳಿಗೆ 750 ರೂಪಾಯಿ! ಅತ್ತು ಹಟ ಮಾಡಿದ ಮಗುವಿಗೆ ಅಪ್ಪ ಇಲ್ಲ ಅನ್ನುವ ಮರುಕದಿಂದ ಕೊಡಿಸುತ್ತೀರಿ, ನಮಗೆ ಗೊತ್ತು. ಅದೇ ದುಡ್ಡಿನಲ್ಲಿ ತಿಂಗಳಿಡೀ ಸಂಜೆಗೆ ಹುರಿದ ಶೇಂಗಾ, ಬೆಲ್ಲ ಕೊಟ್ಟು ವಾರಕ್ಕೊಮ್ಮೆ ಮೊಟ್ಟೆಯನ್ನೂ ಬೇಯಿಸಬಹುದು.

ತಪ್ಪಲಿಗೆ ದುಡ್ಡೇ ಬೇಡ. ನುಗ್ಗೆ ಸೊಪ್ಪು, ಹೊಲದ ಬದುವಿನ ರಾಜಗಿರಿ, ಹಿತ್ತಲಿನ ಪುಂಡಿ. ಜೋಳದ ನುಚ್ಚು, ಬೇಳೆ ಹಾಕಿ ಕುದಿಸಿದ ಪುಂಡಿಪಲ್ಯಕ್ಕೆ ಸಮನಾದ ಅಗ್ಗದ ಊಟ ನಮಗೆ ಕಂಡಿಲ್ಲ. ಕಾಳನ್ನು ರಾತ್ರಿ ನೆನೆಸಿ ಮೊಳಕೆ ಕಟ್ಟಿದರೆ ಬೇಗ ಬೇಯುತ್ತದೆ, ಸೌದೆ ಉಳಿಯುತ್ತದೆ. ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡಿ. ಊಟದ ಹಿಂದೆಯೇ ಚಹಾ ಬೇಡ, ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ನಿಂಬೆಹುಳಿ ಹಿಂಡಿಕೊಂಡರೆ ಒಳ್ಳೆಯದು.

ರೇಷನ್ ಬಗ್ಗೆ ಎರಡು ಮಾತು. ಒಂದು, ಅಕ್ಕಿಯಲ್ಲಿ ಬಣ್ಣ ಬೇರೆಯಾದ ಕಾಳು ಸಿಕ್ಕರೆ ಅದು ಪ್ಲಾಸ್ಟಿಕ್ ಅಲ್ಲ. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳನ್ನು ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಆರಿಸಿ ಎಸೆಯಬೇಡಿ. ಇನ್ನೊಂದು, 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಗುಳೆ ಹೋದವರು ತಮ್ಮ ಪಾಲನ್ನು ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು, ಉಳಿದದ್ದನ್ನು ಮನೆಯವರು ಇಲ್ಲಿ ತರಬಹುದು. ಹೋಗುವ ಮುಂಚೆ ಎಲ್ಲರ ಇ-ಕೆವೈಸಿ ಮಾಡಿಸಿ. ಆಮೇಲೆ ಹೆಬ್ಬೆಟ್ಟು ಹೊಂದಲಿಲ್ಲ ಅಂತ ಓಡಾಡುವ ಕಷ್ಟ ಬೇಡ.

ಶಾಲೆಯ ಬಿಸಿಯೂಟ, ಅಂಗನವಾಡಿ ಆಹಾರ ತಪ್ಪಿಸಬೇಡಿ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಊಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಬಂತು. ಕಷ್ಟ ಇರುವುದು ಬೇಸಿಗೆ ರಜೆಯಲ್ಲಿ. ಗಂಡಸರು ಊರಲ್ಲಿರುವುದಿಲ್ಲ, ಶಾಲೆಯ ಊಟವೂ ಇಲ್ಲ. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟರು. ಮತ್ತೆ ಬರ ಬಿದ್ದರೆ ಸಂಘದವರು ಹೋಗಿ ಕೇಳಬೇಕು. ಏಪ್ರಿಲ್, ಮೇ ತಿಂಗಳ ಕಾಳನ್ನು ಸುಗ್ಗಿಯಲ್ಲೇ ಎತ್ತಿಡಿ.

ಇನ್ನು ತಾಯಿಯ ತಟ್ಟೆ. ಬೈಬಲಿನಲ್ಲಿ ಎಲೀಯ ಪ್ರವಾದಿಗೆ ತನ್ನ ಕೊನೆಯ ಹಿಡಿ ಹಿಟ್ಟಿನಿಂದ ರೊಟ್ಟಿ ಮಾಡಿಕೊಟ್ಟ ವಿಧವೆಯ ಕಥೆ ಇದೆ. ಇದನ್ನು ಹೇಳಿ ತಾಯಂದಿರು ಉಪವಾಸ ಇರುವುದೇ ದೊಡ್ಡದು ಎನ್ನುವವರನ್ನು ಕಂಡಿದ್ದೇವೆ. ಆ ಮನೆಯಲ್ಲಿ ಪ್ರವಾದಿಯ ಜೊತೆ ಆಕೆಯೂ ಬಹಳ ದಿನ ಉಂಡಳು ಎಂಬುದನ್ನು ಅವರು ಹೇಳುವುದಿಲ್ಲ. ಮೇಲೆ ಹೇಳಿದ ತಾಯಿ ಆಸ್ಪತ್ರೆಯ ಕಬ್ಬಿಣಾಂಶದ ಮಾತ್ರೆ ನುಂಗಿದರು, ಅದು ಉಚಿತವಾಗಿ ಸಿಗುತ್ತದೆ. ಆದರೆ ದೊಡ್ಡ ಬದಲಾವಣೆ ಮಾಡಿದವರು ಅವರ ಅತ್ತೆ. "ನೀ ಕುಂದ್ರವ್ವ, ನಾ ಬಡಸ್ತೀನಿ" ಅಂತ ಸೊಸೆಯನ್ನು ಮಕ್ಕಳ ಸಾಲಿನಲ್ಲೇ ಕೂರಿಸಿದರು. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 10 ದಾಟಿತು.

ಮುಂದಿನ ಸಭೆಗೆ ಬರುವ ಮುಂಚೆ ಮೂರು ರಾತ್ರಿ ಗಮನಿಸಿ: ನಿಮ್ಮ ಮನೆಯಲ್ಲಿ ಯಾರು ಮೊದಲು ಉಂಡರು, ಯಾರು ಕೊನೆಗೆ, ಯಾರ ತಟ್ಟೆಗೆ ಬೇಳೆ ಬೀಳಲಿಲ್ಲ. ಬರೆಯಲು ಬಾರದವರು ಮಕ್ಕಳಿಂದ ಬರೆಸಿಕೊಂಡು ಬನ್ನಿ.