ಪುಕ್ಕಟೆ ಬಣ್ಣಕ್ಕೆ ಮೂರೂಮುಕ್ಕಾಲು ಸಾವಿರ

ಖಂಡೇನವಮಿ ಹತ್ತಿರ ಬಂತೆಂದರೆ ನಮ್ಮ ಚಿಕ್ಕೋಡಿ ಕಡೆ ಎನಾಮಲ್ ಡಬ್ಬಿಗಳಿಗೆ ಗಿರಾಕಿ ಹೆಚ್ಚು. ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವ ಮುಂಚೆ ಟ್ರ್ಯಾಕ್ಟರ್, ಟ್ರೇಲರ್‌ಗಳಿಗೆ ಬಣ್ಣ ಬಳಿದು ಮುಗಿಸಬೇಕು. ಅದು ಖರ್ಚಿಗೆ ತಕ್ಕ ಕೆಲಸವೇ. ಬಣ್ಣ ಹೋದ ತಗಡು ಮಳೆಗೆ ತುಕ್ಕು ಹಿಡಿಯುತ್ತದೆ. ಹೋದ ಸಲ ನಮ್ಮ ಟ್ರೇಲರಿಗೆ ಬಳಿದು ಡಬ್ಬಿಯ ತಳದಲ್ಲಿ ಒಂದಿಷ್ಟು ಕೆಂಪು ಉಳಿಯಿತು. ಅದನ್ನು ಅಕ್ಕನ ಮಗ ನನ್ನ ಕಾರಿನ ಮುಂದಿನ ಎರಡೂ ಬ್ರೇಕ್ ಕ್ಯಾಲಿಪರ್‌ಗೆ ಬಳಿದಿದ್ದ. "ಮಾಮಾ, ಈಗ ನೋಡ್ರಿ, ರೇಸಿಂಗ್ ಗಾಡಿ ಆತು" ಅಂದ. ಇಟಲಿಯ ಬ್ರೆಂಬೊ ಕಂಪನಿಯ ಕೆಂಪು ಕ್ಯಾಲಿಪರ್‌ಗಳ ಫೋಟೊ ಅವನ ಮೊಬೈಲಿನಲ್ಲಿತ್ತು. ನನ್ನ ಗಾಡಿಗೆ ಇರುವುದು ಉಕ್ಕಿನ ಗಾಲಿ, ಮೇಲೆ ಪ್ಲಾಸ್ಟಿಕ್ ಕವರು. ಕೆಂಪು ಯಾರಿಗೂ ಕಾಣುವ ಹಾಗಿರಲಿಲ್ಲ ಎಂಬುದು ಬೇರೆ ಮಾತು.

ಬಣ್ಣದ ಖರ್ಚು ಸೊನ್ನೆ. ಲೆಕ್ಕ ಶುರುವಾದದ್ದು ಪೆಟ್ರೋಲಿನಿಂದ. ಲೀಟರಿಗೆ 17 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 15ಕ್ಕೆ ಇಳಿಯಿತು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವನಿಗೆ ಅದು ಎಂಟು ಲೀಟರ್ ಹೆಚ್ಚು, ಸುಮಾರು 800 ರೂಪಾಯಿ. ಲೀಟರಿಗೆ ಒಂದೆರಡು ರೂಪಾಯಿ ಉಳಿಯುತ್ತದೆಂದು ಮಹಾರಾಷ್ಟ್ರದ ಗಾಡಿಗಳು ಗಡಿ ದಾಟಿ ಬಂದು ಟ್ಯಾಂಕ್ ತುಂಬಿಸಿಕೊಳ್ಳುವ ಸೀಮೆ ನಮ್ಮದು. ಆ ಉಳಿತಾಯ ಗೊತ್ತಿರುವ ನಮಗೆ, ಗಾಲಿಯಲ್ಲೇ ಸೋರುವ ದುಡ್ಡು ಬೇಗ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯತೊಡಗಿತು. ಅಥಣಿಗೆ ಹೋಗಿ ಇಳಿದಾಗ ಎಡಗಾಲಿಯ ಹತ್ತಿರ ಸುಟ್ಟ ವಾಸನೆ.

ನಿಪ್ಪಾಣಿಯ ಮಿಸ್ತ್ರಿ ಗಾಲಿ ಬಿಚ್ಚಿ ನೋಡಿ ಹೇಳಿದ್ದು ಒಂದೇ ಮಾತು: "ಬಣ್ಣಾ ಎಲ್ಲಿ ಕಾಣ್ತೈತಿ ಅಂತ ನೋಡಬ್ಯಾಡ್ರಿ ಸರ, ಎಲ್ಲಿ ಹೊಕ್ಕೈತಿ ಅಂತ ನೋಡ್ರಿ."

ಸಣ್ಣ ಕಾರುಗಳ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಸರಿದು ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳುತ್ತದೆ. ಪ್ಯಾಡಿನ ಎರಡು ಕಿವಿಗಳು ಬ್ರಾಕೆಟ್ಟಿನ ತೋಡಿನಲ್ಲಿ ಸಲೀಸಾಗಿ ಜಾರಬೇಕು. ದಪ್ಪ ಎನಾಮಲ್ ಅಲ್ಲೇ ಕೂತಿತ್ತು. ಪಿನ್ನಿನ ರಬ್ಬರ್ ಬೂಟಿಗೂ ಬಣ್ಣ ಅಂಟಿ, ರಬ್ಬರು ಬಿರುಕು ಬಿಟ್ಟು, ಒಳಗೆ ಕರಿಮಣ್ಣಿನ ಧೂಳು ಸೇರಿತ್ತು. ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕನ್ನು ಬಿಡುತ್ತಿರಲಿಲ್ಲ.

ಇದು ಬರೀ ಮೈಲೇಜಿನ ಪ್ರಶ್ನೆಯಲ್ಲ. ಹಾಗೆ ಉಜ್ಜುತ್ತಲೇ ಇರುವ ಪ್ಯಾಡಿನ ಶಾಖ ಬ್ರೇಕ್ ಆಯಿಲಿಗೂ ಏರುತ್ತದೆ. ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯದೆ ತಡೆಯಬೇಕೆಂಬುದು ನಿಯಮ. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಯಿಲ್ ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ, ಪೆಡಲ್ ಕಾಲ ಕೆಳಗೆ ಮೆತ್ತಗೆ ಕುಸಿಯುತ್ತದೆ. ಬೆಳಗಾವಿಯಿಂದ ಬರುವಾಗ ತವಂದಿ ಘಾಟ್ ಇಳಿಯುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಬಿಲ್ಲು ಹೀಗಾಯಿತು. ಹೊಸ ಪ್ಯಾಡ್ ಸೆಟ್ಟಿಗೆ 1,600, ಪಿನ್ ಮತ್ತು ಬೂಟಿಗೆ 450, ಡಿಸ್ಕ್ ಲೇಥಿಗೆ ಹಾಕಲು 500, ಬ್ರೇಕ್ ಆಯಿಲಿಗೆ 300, ಮಜೂರಿ 900. ಒಟ್ಟು 3,750 ರೂಪಾಯಿ. ಡಿಸ್ಕನ್ನು ಲೇಥಿಗೆ ಹಾಕಿಸುವ ಮುನ್ನ ಅದರ ದಪ್ಪ ಅಳೆಸಿ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾಗುವುದಾದರೆ ಹೊಸದೇ ಬೇಕು, ಆಗ ಬಿಲ್ಲು ಹೆಚ್ಚುಕಡಿಮೆ ಎರಡರಷ್ಟು. ವಿಮೆಯವರ ಕಡೆ ನೋಡಬೇಡಿ. ಮಾಮೂಲಿ ಪಾಲಿಸಿ ಅಪಘಾತದ ಹಾನಿ ತುಂಬಿಕೊಡುತ್ತದೆ, ಸವೆತವನ್ನೂ ಯಾಂತ್ರಿಕ ಕೆಡುಕನ್ನೂ ಅಲ್ಲ.

ಹುಡುಗ ಸೋಲೊಪ್ಪಲಿಲ್ಲ. ಈ ಸಲ ಸರಿಯಾದ ಬಣ್ಣವನ್ನೇ ಹಚ್ಚೋಣ ಎಂದು ಹಟ ಹಿಡಿದ. ಶಾಖ ತಡೆಯುವ ಸಿಲಿಕೋನ್ ಬಣ್ಣದ ಸ್ಪ್ರೇ 700 ರೂಪಾಯಿ. ಕೊಲ್ಲಾಪುರದ ಕಡೆ ಪೌಡರ್ ಕೋಟಿಂಗ್ ವಿಚಾರಿಸಿದರೆ ಕ್ಯಾಲಿಪರ್ ಬಿಚ್ಚಿ, ಸೀಲ್ ಬದಲಿಸಿ, ಕೂಡಿಸುವುದೆಲ್ಲ ಸೇರಿ 6,000. ನಾನು ಎರಡೂ ಬೇಡವೆಂದೆ. ನನ್ನ ಗಾಡಿಯ ಕ್ಯಾಲಿಪರ್ ಎರಕದ ಕಬ್ಬಿಣದ್ದು. ಶಿರೋಳಿಯ ಫೌಂಡ್ರಿಯಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಎರಕದ ಕಬ್ಬಿಣ ನೋಡಿದವರಿಗೆ ಗೊತ್ತು, ಮೇಲ್ಮೈಯ ಕಂದು ತುಕ್ಕಿನಿಂದ ಅಷ್ಟು ದಪ್ಪದ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಗಾಡಿ ಮಾರಲು ಹೋದರೂ ಕೆಂಪು ಕ್ಯಾಲಿಪರಿಗೆಂದು ಯಾರೂ ನೂರು ರೂಪಾಯಿ ಹೆಚ್ಚು ಕೊಡುವುದಿಲ್ಲ. ಕೊಳ್ಳುವವನು ನಾನಾಗಿದ್ದರೆ ಹೊಸ ಬಣ್ಣ ನೋಡಿ ಐದು ನೂರು ಕಡಿಮೆಯೇ ಕೇಳುತ್ತಿದ್ದೆ.

ಹಳೆಯ ಬಣ್ಣವನ್ನೂ ಪೂರಾ ಕೀಳಿಸಲಿಲ್ಲ. ಬಣ್ಣ ಕೀಳುವ ದ್ರಾವಣ ರಬ್ಬರಿಗೆ ತಗುಲಿದರೆ ಪಿಸ್ಟನ್ ಸೀಲಿಗೂ ಖರ್ಚು ಹತ್ತುತ್ತದೆ. ಹಾಗಾಗಿ ಪ್ಯಾಡ್ ಜಾರುವ ತೋಡು, ಬ್ರಾಕೆಟ್ ಕೂಡುವ ಜಾಗ, ಆಯಿಲ್ ತೆಗೆಯುವ ನಿಪ್ಪಲ್, ಇಷ್ಟನ್ನು ಮಾತ್ರ ತಂತಿ ಬ್ರಷ್ಷಿನಿಂದ ಉಜ್ಜಿಸಿದೆ. ಆ ಹೊತ್ತು ಕ್ಯಾಲಿಪರನ್ನು ತಂತಿಯಿಂದ ಮೇಲೆ ಕಟ್ಟಿರಬೇಕು, ಅದರ ಭಾರ ಬ್ರೇಕ್ ಪೈಪಿನ ಮೇಲೆ ಬೀಳಬಾರದು. ಮೈಮೇಲಿನ ಕೆಂಪು ಹಾಗೇ ಇದೆ. ಬ್ರೇಕ್ ಆಯಿಲ್ ಚೆಲ್ಲಿದ ಕಡೆ ಅದು ತಾನಾಗಿಯೇ ಎದ್ದು ಬರುತ್ತಿದೆ, ಎನಾಮಲ್ ಆ ಆಯಿಲನ್ನು ತಾಳುವುದಿಲ್ಲ.

ಮನೆಯ ಹುಡುಗರಿಗೆ ಇನ್ನೂ ಬಣ್ಣದ ಹುಚ್ಚು ಇದ್ದರೆ ಒಂದು ದಾರಿಯಿದೆ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಹೇಗೂ ವಾಡಿಕೆ. ಆ ಸಲ ಪ್ಯಾಡೂ ಸವೆದಿದ್ದರೆ ಎಲ್ಲ ಕೆಲಸ ಒಟ್ಟಿಗೆ ಇಟ್ಟುಕೊಳ್ಳಿ. ಬಿಚ್ಚಿ ಕೂಡಿಸುವ ಮಜೂರಿ ಒಂದೇ ಸಲ ಬೀಳುತ್ತದೆ, ಬಣ್ಣಕ್ಕೆ ಆಗುವುದು ಡಬ್ಬಿಯ 700 ಮಾತ್ರ. ಬೂಟು, ಪಿನ್ನು, ನಿಪ್ಪಲ್ಲುಗಳಿಗೆ ಮೊದಲು ಟೇಪ್ ಸುತ್ತಿಸಿ, ತೆಳ್ಳಗೆ ಹಲವು ಸಲ ಹೊಡೆಸಿ. ನಮ್ಮ ಹುಡುಗನಿಗೂ ಇದನ್ನೇ ಹೇಳಿದ್ದೇನೆ, ಡಬ್ಬಿ ಅವನ ದುಡ್ಡಿನಲ್ಲೇ ಬರಬೇಕೆಂಬ ಕರಾರಿನೊಂದಿಗೆ.