ಚಿತ್ರಚೀಟಿಗಳ ಸಂಗ್ರಹ: ಅಲ್ಪ ವೆಚ್ಚದ ಒಂದು ವಿದ್ಯೆ

ಅಂಚೆಚೀಟಿ ಹಾಗೂ ನಾಣ್ಯಗಳ ಸಂಗ್ರಹವನ್ನು ಕುರಿತು ನಮ್ಮ ಪಠ್ಯಪುಸ್ತಕಗಳಲ್ಲಿ ಪಾಠಗಳು ಬಂದಿವೆ. ಪ್ರಬಂಧ ಸ್ಪರ್ಧೆಗಳಲ್ಲಿ ಮಕ್ಕಳು ಅದನ್ನೇ ತಮ್ಮ ಮೆಚ್ಚಿನ ಹವ್ಯಾಸವೆಂದು ಬರೆಯುತ್ತಾರೆ. ಅವುಗಳಿಗಿಂತ ಸುಲಭವಾಗಿ ಕೈಗೆ ಸಿಗುವ, ಅಷ್ಟೇ ಸುಲಭವಾಗಿ ಕಸದ ಬುಟ್ಟಿಗೆ ಸೇರುವ ಇನ್ನೊಂದು ವಸ್ತುವಿದೆ. ಅದು ಸರಕಿನೊಂದಿಗೆ ಬರುವ ಚಿತ್ರಚೀಟಿ. ಕಡ್ಡಿಪೆಟ್ಟಿಗೆಯ ಮೇಲಿನ ಛಾಪು, ಬಟ್ಟೆಯ ತಾನಿಗೆ ಅಂಟಿಸುತ್ತಿದ್ದ ಬಣ್ಣದ ಚೀಟಿ, ಮಿಠಾಯಿಯ ಜೊತೆ ಬರುವ ಆಟಗಾರನ ಕಾರ್ಡು, ಇಂದಿನ ಮಕ್ಕಳು ಪರಸ್ಪರ ಬದಲಾಯಿಸಿಕೊಳ್ಳುವ ಪೋಕೆಮಾನ್ ಕಾರ್ಡು, ಇವೆಲ್ಲ ಒಂದೇ ಕುಲದವು.

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಇಂತಹ ವಿಷಯವನ್ನು ಆರಿಸಿದ್ದಕ್ಕೆ ಕಾರಣವಿದೆ. ಸುಳಕೂಡ, ಇಚಲಕರಂಜಿ, ಗಡಹಿಂಗ್ಲಜಗಳ ಕಡೆ ಹಳೆಯ ಮನೆಗಳನ್ನು ಕೆಡವಿ ಹೊಸ ಮನೆಗಳನ್ನು ಕಟ್ಟುತ್ತಿದ್ದಾರೆ. ಅಟ್ಟದ ಮೇಲಿನ ಪೆಟ್ಟಿಗೆಗಳು ರದ್ದಿಯವನಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತಿವೆ. ಅದೇ ಮನೆಯ ಮೊಮ್ಮಗನು ಬಣ್ಣದ ಕಾರ್ಡಿನ ಪೊಟ್ಟಣಗಳಿಗಾಗಿ ದಿನವೂ ಹಣ ಬೇಡುತ್ತಾನೆ. ಅಜ್ಜನ ಚೀಟಿ ಎರಡು ರೂಪಾಯಿಗೆ ಹೊರಗೆ, ಮೊಮ್ಮಗನ ಚೀಟಿ ಇನ್ನೂರು ರೂಪಾಯಿಗೆ ಒಳಗೆ! ಈ ವ್ಯವಹಾರವನ್ನು ಕೊಂಚ ತಿಳಿವಳಿಕೆಯಿಂದ ನಡೆಸಲು ಸಾಧ್ಯವೇ ಎಂಬುದೇ ಈ ಲೇಖನದ ವಿಚಾರ.

ಮೊದಲು ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ ಹಾಗೂ ಇಂಗ್ಲೆಂಡಿನ ಸಿಗರೇಟು ಕಂಪನಿಗಳು ಪೊಟ್ಟಣವು ಮುದುಡದಂತೆ ಒಳಗೆ ಒಂದು ರಟ್ಟಿನ ತುಂಡನ್ನು ಇಡುತ್ತಿದ್ದವು. ಆ ರಟ್ಟಿನ ಮೇಲೆ ಚಿತ್ರ ಮುದ್ರಿಸಿದರೆ ಗಿರಾಕಿಯು ಮತ್ತೆ ಅದೇ ಪೊಟ್ಟಣವನ್ನು ಕೊಳ್ಳುವನೆಂದು ವ್ಯಾಪಾರಿಗಳಿಗೆ ಬೇಗನೆ ಹೊಳೆಯಿತು. ಹಡಗು, ಹಕ್ಕಿ, ಸೈನಿಕ, ಕ್ರಿಕೆಟ್ ಆಟಗಾರ ಹೀಗೆ ಇಪ್ಪತ್ತೈದು ಅಥವಾ ಐವತ್ತು ಕಾರ್ಡುಗಳ ಮಾಲೆಗಳು ಬಂದವು. ನಮ್ಮ ರಣಜಿತ್‌ಸಿಂಹಜಿಯವರ ಚಿತ್ರವೂ ಆ ಕಾಲದ ಕಾರ್ಡುಗಳ ಮೇಲೆ ಬಂದಿತ್ತು. ಎರಡನೆಯ ಮಹಾಯುದ್ಧದಲ್ಲಿ ಕಾಗದದ ಅಭಾವ ಉಂಟಾಗಿ 1940ರಲ್ಲಿ ಇಂಗ್ಲೆಂಡಿನಲ್ಲಿ ಈ ಪದ್ಧತಿ ನಿಂತಿತು. ಮುಂದೆ ಅಮೆರಿಕದಲ್ಲಿ ಟಾಪ್ಸ್ ಕಂಪನಿಯು ಚ್ಯೂಯಿಂಗ್ ಗಮ್ಮಿನೊಂದಿಗೆ ಬೇಸ್‌ಬಾಲ್ ಕಾರ್ಡುಗಳನ್ನು ಕೊಟ್ಟಿತು. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞನು ಕಾರ್ಡುಗಳನ್ನು ಕೂಡಿಸುವುದೇ ಆಟದ ಅಂಗವಾಗುವಂತಹ 'ಮ್ಯಾಜಿಕ್' ಎಂಬ ಆಟವನ್ನು ರಚಿಸಿದನು. 1996ರಲ್ಲಿ ಜಪಾನಿನಿಂದ ಪೋಕೆಮಾನ್ ಕಾರ್ಡುಗಳು ಹೊರಟವು.

ಹಳೆಯ ಕಾರ್ಡುಗಳಿಗೆ ಬಂದ ಬೆಲೆಯ ಸುದ್ದಿಯನ್ನು ಓದಿ ಅನೇಕರು ಬೆರಗಾಗುತ್ತಾರೆ. 2022ರ ಆಗಸ್ಟಿನಲ್ಲಿ 1952ರ ಮಿಕಿ ಮ್ಯಾಂಟಲ್ ಕಾರ್ಡೊಂದು 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ತಿಂಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ನೂರು ವರ್ಷಕ್ಕೂ ಹಳೆಯ ಸಿಗರೇಟು ಕಾರ್ಡು 72 ಲಕ್ಷ 50 ಸಾವಿರ ಡಾಲರಿಗೆ ಹೋಯಿತು. ಇದು ಲಾಟರಿ ಹೊಡೆದವನ ಸುದ್ದಿಯಂತೆ. ಅದನ್ನು ನೆಚ್ಚಿ ಯಾರೂ ಸಂಸಾರ ನಡೆಸಲಾರರು. ಆ ಕಾರ್ಡುಗಳಿಗೆ ಬೆಲೆ ಬಂದದ್ದು ಉಳಿದವರೆಲ್ಲ ತಮ್ಮದನ್ನು ಎಸೆದುದರಿಂದ. ಎಲ್ಲರೂ ಪ್ಲಾಸ್ಟಿಕ್ ಹೊದಿಕೆಯಲ್ಲಿ ಜೋಪಾನವಾಗಿ ಇಡುವ ಇಂದಿನ ಕಾರ್ಡಿಗೆ ಅಂಥ ಭಾಗ್ಯ ಬರುವುದು ತೀರ ಅಪರೂಪ.

ಇನ್ನು ನಮ್ಮ ನೆಲದ ಸಂಗತಿಗೆ ಬರೋಣ. ಕೂಡಿಡಬೇಕೆನಿಸುವಂತಹ ಕಾರ್ಡುಗಳು ನಮಗೆ ಪರದೇಶದಿಂದ ಮೊನ್ನೆ ಮೊನ್ನೆ ಬಂದವುಗಳಲ್ಲ. ಬಾಬರನು 1527ರಲ್ಲಿ ಸಿಂಧದ ಷಾ ಹುಸೇನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ್ದನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಮೊಗಲರ ಗಂಜೀಫಾದಲ್ಲಿ 96 ಎಲೆಗಳು. ನಮ್ಮವರು ಅದನ್ನು ದಶಾವತಾರಕ್ಕೆ ಅಳವಡಿಸಿಕೊಂಡು, ಅವತಾರಕ್ಕೆ 12ರಂತೆ 120 ಎಲೆಗಳ ದುಂಡು ಕಾರ್ಡುಗಳನ್ನು ಬರೆಯತೊಡಗಿದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ 360 ಎಲೆಗಳ ಆಟದವರೆಗೂ ಹೋದರು. ಗಡಹಿಂಗ್ಲಜದಿಂದ ಆಜರೆಯನ್ನು ದಾಟಿ ಆಂಬೋಲಿ ಘಾಟು ಇಳಿದರೆ ಸಿಗುವ ಸಾವಂತವಾಡಿಯಲ್ಲಿ ಈ ಕಲೆ ಅಳಿವಿನ ಅಂಚಿಗೆ ಬಂದಿತ್ತು. 1970ರ ದಶಕದಲ್ಲಿ ಅಲ್ಲಿಯ ರಾಜಮನೆತನದ ಶಿವರಾಮರಾಜೆ ಭೋಸಲೆ ಮತ್ತು ಸತ್ವಶೀಲಾದೇವಿಯವರು ಅದಕ್ಕೆ ಮರುಜೀವ ಕೊಟ್ಟರು. ಕೈಯಿಂದ ಬರೆದ ಪೂರ್ಣ ಕಟ್ಟನ್ನು ಕೊಳ್ಳುವುದು ಶಿಕ್ಷಕನ ಸಂಬಳಕ್ಕೂ ನಿಲುಕದು. ಆದರೆ ಶಾಲೆಯ ಪ್ರವಾಸದಲ್ಲಿ ಅದನ್ನು ಕಣ್ಣಾರೆ ಕಂಡು ಬಂದ ಮಕ್ಕಳು ಹಳೆಯ ಲಗ್ನಪತ್ರಿಕೆಯ ರಟ್ಟನ್ನು ದುಂಡಗೆ ಕತ್ತರಿಸಿ ತಾವೇ ಹತ್ತು ಅವತಾರಗಳನ್ನು ಬರೆಯಬಹುದು. ಅದಕ್ಕೆ ತಗಲುವುದು ಬಣ್ಣದ ಖರ್ಚು ಮಾತ್ರ.

ಅಚ್ಚಿನ ಚಿತ್ರದ ಯುಗವು ನಮ್ಮ ಭಾಗಕ್ಕೆ ಮುಂಬಯಿಯ ಕಡೆಯಿಂದ ಬಂದಿತು. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ಸ್ಥಾಪಿಸಿದ ಬಳಿಕ ಲಕ್ಷ್ಮಿ ಸರಸ್ವತಿಯರು ಬಡವರ ಮನೆಯ ಗೋಡೆಗೂ ಬಂದರು. ಅವೇ ಚಿತ್ರಗಳ ಅನುಕರಣೆಗಳು ಸ್ವೀಡನ್, ಆಸ್ಟ್ರಿಯ, ಜಪಾನುಗಳಿಂದ ಬರುತ್ತಿದ್ದ ಕಡ್ಡಿಪೆಟ್ಟಿಗೆಗಳ ಮೇಲೂ ಏರಿದವು. ಶಿವಕಾಶಿಯ ಕಾರ್ಖಾನೆಗಳು ಬೆಳೆದ ಮೇಲೆ ಹುಲಿ, ಆನೆ, ಕಮಲ, ಕೀಲಿಕೈ ಮೊದಲಾದ ಛಾಪುಗಳು ಮನೆಮಾತಾದವು. ನಮ್ಮ ಬಾಲ್ಯದಲ್ಲಿ ಈ ಛಾಪುಗಳನ್ನು ವರ್ತುಲದಲ್ಲಿ ಇಟ್ಟು ಚಪ್ಪಟೆ ಕಲ್ಲಿನಿಂದ ಹೊಡೆದು ಗೆಲ್ಲುವ ಆಟವಿತ್ತು. ಸಾಮಾನ್ಯ ಛಾಪಿಗೆ ಹತ್ತು, ವಿರಳವಾದುದಕ್ಕೆ ನೂರು ಎಂದು ಹುಡುಗರೇ ಬೆಲೆ ಕಟ್ಟುತ್ತಿದ್ದರು. ಅರ್ಥಶಾಸ್ತ್ರದ ಮೊದಲ ಪಾಠ ನಮಗೆ ಆದದ್ದು ಅಲ್ಲಿಯೇ.

ಇಂದಿಗೂ ಕಡ್ಡಿಪೆಟ್ಟಿಗೆಯಷ್ಟು ಅಗ್ಗದ ಸಂಗ್ರಹ ಬೇರೊಂದಿಲ್ಲ. 2007ರಲ್ಲಿ ಐವತ್ತು ಪೈಸೆಯಿಂದ ಒಂದು ರೂಪಾಯಿಗೆ ಏರಿದ ಅದರ ಬೆಲೆ 2021ರ ಡಿಸೆಂಬರಿನಲ್ಲಿ ಎರಡು ರೂಪಾಯಿಯಾಯಿತು. ನಿಪ್ಪಾಣಿಯ ತಂಬಾಕಿನ ಸೀಮೆಗೆ ಹತ್ತಿರವಿರುವ ನಮಗೆ ಬೀಡಿಯ ಕಟ್ಟಿನ ಚೀಟಿಗಳೂ ಪರಿಚಿತ. ಆದರೆ ಮಕ್ಕಳನ್ನು ಬೀಡಿ ಅಂಗಡಿಗೆ ಕಳುಹಿಸುವ ಹವ್ಯಾಸವನ್ನು ಈ ಹಳೆಯ ಮಾಸ್ತರನು ಹೇಳಿಕೊಡಲಾರನು. ಅವನ್ನು ಹಿರಿಯರು ಕೂಡಿಸಲಿ. 2009ರಿಂದ ಆ ಚೀಟಿಗಳ ಮೇಲೆ ಆರೋಗ್ಯದ ಎಚ್ಚರಿಕೆಯ ಚಿತ್ರ ಕಡ್ಡಾಯವಾಗಿ, ಹಳೆಯ ಅಲಂಕಾರಕ್ಕೆ ಜಾಗ ಕಡಿಮೆಯಾಗಿದೆ.

ನನ್ನ ದೃಷ್ಟಿಯಲ್ಲಿ ನಮ್ಮ ಭಾಗಕ್ಕೆ ಎಲ್ಲಕ್ಕಿಂತ ಮಿಗಿಲಾದುದು ಬಟ್ಟೆಯ ಚೀಟಿ. ಮ್ಯಾಂಚೆಸ್ಟರಿನ ಗಿರಣಿಗಳು ಭಾರತಕ್ಕೆ ಕಳುಹಿಸುವ ತಾನುಗಳಿಗೆ ಹೊಳಪಿನ ಬಣ್ಣದ ದೊಡ್ಡ ಚೀಟಿಯನ್ನು ಅಂಟಿಸುತ್ತಿದ್ದವು. ಓದು ಬಾರದ ಗಿರಾಕಿಯು 'ಕೃಷ್ಣನ ಚಿತ್ರದ ತಾನು ಕೊಡಿ' ಎಂದು ಕೇಳಿದರೆ ಸಾಕು, ಸರಕು ಯಾವುದೆಂದು ಅಂಗಡಿಯವನಿಗೆ ತಿಳಿಯುತ್ತಿತ್ತು. ವ್ಯಾಪಾರಿಗಳು ಇದನ್ನು 'ಟಿಕಾ' ಎನ್ನುತ್ತಿದ್ದರು. ಮುಂದೆ ಸ್ವದೇಶೀ ಗಿರಣಿಗಳೂ ಅದೇ ದಾರಿ ಹಿಡಿದವು. ಒಂದೇ ಚೀಟಿಯ ಮೇಲೆ ಎರಡು ಮೂರು ಲಿಪಿಗಳಲ್ಲಿ ಹೆಸರಿರುವುದುಂಟು. ಇಚಲಕರಂಜಿಯಲ್ಲಿ 1904ರಲ್ಲಿಯೇ, ಸಂಸ್ಥಾನಿಕ ಘೋರ್ಪಡೆಯವರ ಪ್ರೋತ್ಸಾಹದಿಂದ, ಮೊದಲ ಯಂತ್ರಮಗ್ಗ ಬಂದಿತು. ಕನ್ನಡದ ಮನೆಗಳೂ ಮರಾಠಿಯ ಮನೆಗಳೂ ಆ ಮಗ್ಗಗಳ ಸದ್ದಿನಲ್ಲಿ ಬದುಕಿವೆ. ಯಾವ ಅಂಗಡಿಗೆ ಯಾವ ಊರಿನ ಗಿರಾಕಿ ಬರುತ್ತಿದ್ದನು, ಯಾರಿಗಾಗಿ ಯಾವ ಲಿಪಿಯಲ್ಲಿ ಹೆಸರು ಅಚ್ಚಾಯಿತು ಎಂಬುದನ್ನು ಸರಕಾರದ ಗೆಝೆಟಿಯರು ಹೇಳುವುದಿಲ್ಲ. ಇಂತಹ ಚೀಟಿ ಹೇಳುತ್ತದೆ. ಗಡಿಯ ಜನರಾದ ನಮಗೆ ಇಂಥ ಸಾಕ್ಷ್ಯದ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಹಳೆಯ ಜವಳಿ ಅಂಗಡಿಗಳ ಲೆಕ್ಕದ ಪುಸ್ತಕಗಳ ಒಳರಟ್ಟು, ಸೀರೆಯ ಪೆಟ್ಟಿಗೆಯ ಮುಚ್ಚಳದ ಒಳಮೈ, ದೇವರ ಕೋಣೆಯ ಕಟ್ಟು ಹಾಕಿದ ಪಟ, ಇವು ಅವು ಅಡಗಿರುವ ಜಾಗಗಳು.

ಹೊಸ ಕಾರ್ಡುಗಳನ್ನು ಕೊಳ್ಳುವ ಮಕ್ಕಳಿಗೆ ಮತ್ತು ಅವರ ಪಾಲಕರಿಗೆ ಈಗ ಒಂದು ಲೆಕ್ಕವನ್ನು ಹೇಳುತ್ತೇನೆ. 1980ರ ದಶಕದಲ್ಲಿ ಬಿಗ್ ಫನ್ ಬಬಲ್ ಗಮ್ಮಿನೊಂದಿಗೆ ಕ್ರಿಕೆಟ್ ಕಾರ್ಡುಗಳು ಬಂದವು. ಆ ಬಳಿಕ ಕುಸ್ತಿಪಟುಗಳ ಟ್ರಂಪ್ ಕಾರ್ಡು, ಅನಂತರ ಐಪಿಎಲ್ ಆಟಗಾರರ ಕಾರ್ಡು. ಪೊಟ್ಟಣದೊಳಗೆ ಯಾವ ಕಾರ್ಡಿದೆಯೆಂದು ಕೊಳ್ಳುವವನಿಗೆ ತಿಳಿಯದು ಎಂಬುದೇ ಇವುಗಳ ವ್ಯಾಪಾರದ ಗುಟ್ಟು. ಒಂದು ಮಾಲೆಯಲ್ಲಿ 50 ಕಾರ್ಡುಗಳಿವೆ, ಪೊಟ್ಟಣಕ್ಕೆ ಒಂದು ಕಾರ್ಡು, ಬೆಲೆ ಹತ್ತು ರೂಪಾಯಿ, ಎಲ್ಲ ಕಾರ್ಡುಗಳೂ ಸಮಸಂಖ್ಯೆಯಲ್ಲಿ ಅಚ್ಚಾಗಿವೆ ಎಂದು ಭಾವಿಸೋಣ. ಮೊದಲ 25 ಬೇರೆ ಬೇರೆ ಕಾರ್ಡುಗಳು ಸರಾಸರಿ 34 ಪೊಟ್ಟಣಗಳಲ್ಲಿ ದೊರೆಯುತ್ತವೆ. ಬಾಲಕನಿಗೆ ಹುಮ್ಮಸ್ಸು ಬರುತ್ತದೆ, ಅರ್ಧ ಮುಗಿಯಿತಲ್ಲ ಎಂದು. ಆದರೆ ಉಳಿದ 25ಕ್ಕೆ ಇನ್ನೂ ಸುಮಾರು 191 ಪೊಟ್ಟಣಗಳು ಬೇಕು. ಕೊನೆಯ ಒಂದೇ ಕಾರ್ಡಿಗೆ ಸರಾಸರಿ 50 ಪೊಟ್ಟಣ! ಏಕೆಂದರೆ ಪ್ರತಿ ಪೊಟ್ಟಣದಲ್ಲಿ ಅದು ಇರುವ ಸಂಭವ ಐವತ್ತರಲ್ಲಿ ಒಂದು. ಒಟ್ಟು 225 ಪೊಟ್ಟಣ, ಅಂದರೆ 2,250 ರೂಪಾಯಿ. ಕೆಲವು ಕಾರ್ಡುಗಳನ್ನು ಬೇಕೆಂದೇ ಕಡಿಮೆ ಅಚ್ಚು ಹಾಕಿದ್ದರೆ ಖರ್ಚು ಇನ್ನೂ ಏರುತ್ತದೆ.

ಐದು ಮಂದಿ ಗೆಳೆಯರು ಕೂಡಿ ಕೊಂಡು, ಹೆಚ್ಚಾದುದನ್ನು ತಮ್ಮತಮ್ಮಲ್ಲಿ ಬದಲಾಯಿಸಿಕೊಂಡರೆ ಐವರಿಗೂ ಪೂರ್ಣ ಮಾಲೆ ದೊರೆಯಲು ತಲೆಗೆ ಸುಮಾರು ಅರ್ಧದಷ್ಟೇ ಪೊಟ್ಟಣಗಳು ಸಾಕು. ಆದುದರಿಂದ ನಿಯಮವಿಷ್ಟು: ಅರ್ಧ ಮಾಲೆಯವರೆಗೆ ಪೊಟ್ಟಣ ಕೊಳ್ಳಿರಿ; ಅಲ್ಲಿಂದ ಮುಂದೆ ಕೊಳ್ಳುವುದನ್ನು ನಿಲ್ಲಿಸಿ ವಿನಿಮಯಕ್ಕೆ ಇಳಿಯಿರಿ. ಆಗಲೂ ಉಳಿದುವನ್ನು ಬಿಡಿಬಿಡಿಯಾಗಿ ಮಾರುವವರಿಂದ ತೆಗೆದುಕೊಂಡರೆ ಅಗ್ಗ. ಎಂಟನೆಯ ತರಗತಿಯ ಗಣಿತ ಶಿಕ್ಷಕರು ಇದನ್ನು ಐವತ್ತು ಚೀಟಿಗಳ ಡಬ್ಬಿಯಿಂದ ಒಂದೊಂದನ್ನೇ ಎತ್ತಿ, ಗುರುತಿಸಿಕೊಂಡು, ಮರಳಿ ಹಾಕುವ ಪ್ರಯೋಗದಿಂದ ತೋರಿಸಬಹುದು. ಮಕ್ಕಳು ಈ ಪಾಠವನ್ನು ಸುಲಭವಾಗಿ ಮರೆಯುವುದಿಲ್ಲ.

ಹಳೆಯದೆಂದು ಹೇಳಿ ಹೊಸ ನಕಲನ್ನು ಮಾರುವವರೂ ಇದ್ದಾರೆ. ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ವಿಜ್ಞಾನದ ಕೋಣೆಯ ಭೂತಗನ್ನಡಿಯಿಂದ ನೋಡಿರಿ. ಹಳೆಯ ಶಿಲಾಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಕೈಯಿಂದ ಇಟ್ಟಂತೆ ಅಡ್ಡಾದಿಡ್ಡಿಯಾಗಿರುತ್ತವೆ. ಇಂದಿನ ಆಫ್‌ಸೆಟ್ ಮುದ್ರಣದಲ್ಲಿ ಅವು ಸಾಲಾಗಿ, ಚಿಕ್ಕ ಹೂವಿನ ಆಕಾರದಲ್ಲಿ ಕೂಡಿರುತ್ತವೆ. ಇನ್ನೊಂದು ಉಪಾಯವೆಂದರೆ ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೀಲಿ ದೀಪ. ಸುಮಾರು 1950ರ ನಂತರದ ಅನೇಕ ಕಾಗದಗಳಿಗೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸಿರುವುದರಿಂದ ಆ ದೀಪದಲ್ಲಿ ಅವು ಪ್ರಕಾಶಿಸುತ್ತವೆ. 1920ರದೆಂದು ಹೇಳಿದ ಚೀಟಿ ಹಾಗೆ ಹೊಳೆದರೆ ಸಂಶಯಪಡಬೇಕು. ಹೊಳೆಯದಿದ್ದರೆ ಹಳೆಯದೇ ಎಂದು ತೀರ್ಮಾನಿಸಲಾಗದು, ಇಷ್ಟು ಎಚ್ಚರವಿರಲಿ.

ಕಾಯ್ದಿಡುವ ಕ್ರಮವನ್ನೂ ತಿಳಿದಿರಬೇಕು. ನಮ್ಮ ಕಡೆಯ ಮಳೆಗಾಲದ ಥಂಡಿ ಕಾಗದಕ್ಕೆ ವೈರಿ. ಸೆಲೋಟೇಪು, ಗೋಂದು, ಲ್ಯಾಮಿನೇಶನ್ ಮೂರೂ ವರ್ಜ್ಯ. ಲ್ಯಾಮಿನೇಟು ಮಾಡಿದ ಚೀಟಿಯನ್ನು ಮತ್ತೆ ಬಿಡಿಸಲಾಗದು. ಅಗ್ಗದ ಪಿವಿಸಿ ಚೀಲಗಳು ಕಾಲಕ್ರಮದಲ್ಲಿ ಜಿಗುಟಾಗಿ ಬಣ್ಣವನ್ನು ಎಳೆದುಕೊಳ್ಳುತ್ತವೆ. ಪಾಲಿಪ್ರೊಪಿಲೀನ್ ಹೊದಿಕೆಗಳು ಸುರಕ್ಷಿತ. ಅದೂ ಸಿಗದಿದ್ದರೆ ಬಿಳಿಯ ಹಾಳೆಯ ಮೇಲೆ ಫೋಟೋದ ಮೂಲೆಗಳಿಂದ ಹಿಡಿಸಿದರೆ ಸಾಕು. ಮರದ ಹಳೆಯ ಕಡ್ಡಿಪೆಟ್ಟಿಗೆಯ ಕಾಗದವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ತಾನಾಗಿ ಬಿಡುತ್ತದೆ. ಬಂಗಾರದ ಬಣ್ಣ ಹಾಗೂ ಉಬ್ಬಚ್ಚು ಇರುವ ಬಟ್ಟೆಯ ಚೀಟಿಗಳನ್ನು ಮಾತ್ರ ಎಂದಿಗೂ ನೆನೆಸಬಾರದು. ಅದನ್ನು ಅಂಟಿಸಿದ ರಟ್ಟಿನ ಸಮೇತ ಕತ್ತರಿಸಿ ಇಡುವುದೇ ಲೇಸು.

ಕೊನೆಯದಾಗಿ, ಹೆಚ್ಚಿನವರು ಬಿಟ್ಟುಬಿಡುವ ಕೆಲಸವೊಂದಿದೆ. ಪ್ರತಿ ಚೀಟಿಯ ಕೆಳಗಿನ ಹಾಳೆಯ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಬರೆಯಬೇಕು: ಯಾವ ಊರು, ಯಾರ ಮನೆ ಅಥವಾ ಅಂಗಡಿ, ಯಾವ ವಸ್ತುವಿನ ಮೇಲಿತ್ತು, ಕೊಟ್ಟವರು ಅದರ ಬಗೆಗೆ ಏನು ಹೇಳಿದರು, ಯಾವ ದಿನಾಂಕ. ಹೆಸರು ಊರುಗಳಿಲ್ಲದ ನೂರು ಚೀಟಿಗಳಿಗಿಂತ ಹೀಗೆ ಬರೆದಿಟ್ಟ ಹತ್ತು ಚೀಟಿಗಳು ಮುಂದಿನವರಿಗೆ ಹೆಚ್ಚು ಉಪಯುಕ್ತ. ಮಗ್ಗದ ಕೆಲಸದಿಂದ ನಿವೃತ್ತರಾದ ಹಿರಿಯರು, ಜವಳಿ ಅಂಗಡಿಯ ಹಳೆಯ ಗುಮಾಸ್ತರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಚೀಟಿಯನ್ನು ಕೈಯಲ್ಲಿ ಕೊಟ್ಟರೆ ಅವರಿಗೆ ಮಾತು ತಾನಾಗಿ ಬರುತ್ತದೆ. ಬರಿದೇ ಪ್ರಶ್ನೆ ಕೇಳಿದರೆ ಬರುವುದಿಲ್ಲ.

ಮಹೋತ್ಸವಕ್ಕೆ ಆಗಮಿಸುವ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಪೆಟ್ಟಿಗೆಯಿಂದ ಒಂದೊಂದು ಚೀಟಿಯನ್ನಾದರೂ ತಂದರೆ ಶಾಲೆಯ ಗ್ರಂಥಾಲಯದ ಕಪಾಟಿನ ಒಂದು ಅರೆಯಲ್ಲಿ ಅವನ್ನು ಇಡಬಹುದು. ಮೂಲವನ್ನು ಕೊಡಲು ಮನಸ್ಸಿಲ್ಲದವರು ಛಾಯಾಚಿತ್ರ ತೆಗೆಯಲು ಒಂದು ದಿನ ಕೊಟ್ಟರೂ ಆದೀತು. ಹಾಳೆಗಳನ್ನು ಒಂದೇ ಅಳತೆಗೆ ಕತ್ತರಿಸಿ, ಕ್ರಮಸಂಖ್ಯೆ ಹಾಕಿ, ಹೇಳಿದ್ದನ್ನು ಬರೆದುಕೊಳ್ಳುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.