ಹಸುಗೂಸಿನ ಬೆಳವಣಿಗೆ ಮತ್ತು ಒಂದು ಹಾರ್ಮೋನು

ದೇವರಗುಡ್ಡವನ್ನು ಹತ್ತುವವನಿಗೆ ಎರಡು ಸಂಗತಿಗಳು ಬೇರೆಬೇರೆಯಾಗಿ ತೋರುತ್ತವೆ: ತಾನು ಎಷ್ಟು ಎತ್ತರಕ್ಕೆ ಬಂದೆನೆಂಬುದು ಒಂದು, ಕಾಲಡಿಯ ಏರು ಎಷ್ಟು ಕಡಿದಾಗಿದೆಯೆಂಬುದು ಇನ್ನೊಂದು. ಮಗುವಿನ ಬೆಳವಣಿಗೆಯಲ್ಲಿಯೂ ಉದ್ದ ಬೇರೆ, ವೇಗ ಬೇರೆ. ಸುಮಾರು 50 ಸೆಂಟಿಮೀಟರ್ ಉದ್ದವಾಗಿ ಹುಟ್ಟುವ ಶಿಶು ಮೊದಲ ವರ್ಷದಲ್ಲಿ ಸುಮಾರು 25 ಸೆಂಟಿಮೀಟರ್, ಎರಡನೆಯ ವರ್ಷದಲ್ಲಿ ಸುಮಾರು 12 ಸೆಂಟಿಮೀಟರ್ ಬೆಳೆಯುತ್ತದೆ. ಹುಟ್ಟಿದ ಮೇಲಿನ ಆಯುಷ್ಯದಲ್ಲಿ ಮೊದಲ ವರ್ಷದ ಈ ವೇಗ ಮತ್ತೆಂದೂ ಬಾರದು.

ಈ ಬೆಳವಣಿಗೆಗೆ ಬೇಕಾದ ಹಾರ್ಮೋನೊಂದು ಮೆದುಳಿನ ಬುಡದಲ್ಲಿರುವ ಪುಟ್ಟ ಪಿಟ್ಯುಟರಿ ಗ್ರಂಥಿಯಿಂದ ಒಸರುತ್ತದೆ. ಅದಿಲ್ಲದ ಕೂಸು ಗಿಡ್ಡಗೆ ಹುಟ್ಟುವುದೆಂದು ವಾಚಕರು ಊಹಿಸಬಹುದು. ಹಾಗಲ್ಲ! ಗರ್ಭದೊಳಗಿನ ಬೆಳವಣಿಗೆ ಬಹುಮಟ್ಟಿಗೆ ಇನ್ಸುಲಿನ್ ಮೊದಲಾದ ಬೇರೆ ವಸ್ತುಗಳನ್ನು ಆಶ್ರಯಿಸಿರುವುದರಿಂದ, ಹುಟ್ಟಿದಾಗಿನ ಉದ್ದ ಸಹಜಕ್ಕೆ ಸಮೀಪವಾಗಿಯೇ ಇರುತ್ತದೆ.

ಅಳತೆಪಟ್ಟಿಗೆ ಸಿಕ್ಕದ ಕೊರತೆ ರಕ್ತದಲ್ಲಿ ಸಿಕ್ಕುತ್ತದೆ. ಒಮ್ಮೆ ಹಾಲುಣಿಸಿ ಮತ್ತೊಮ್ಮೆ ಉಣಿಸುವವರೆಗಿನ ಅವಧಿಯಲ್ಲಿ ಕೊಬ್ಬನ್ನು ಕರಗಿಸಿ, ರಕ್ತದ ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದರಲ್ಲಿ ಈ ಹಾರ್ಮೋನಿನ ಪಾಲೂ ಉಂಟು. ಇದಿಲ್ಲದಾಗ ಸಕ್ಕರೆ ಕುಸಿಯಬಹುದು. ಕೂಸು ಮಂಕಾಗಬಹುದು, ನಡುಗಬಹುದು, ಸೆಳೆತಕ್ಕೆ ಈಡಾಗಬಹುದು. ಕಾಮಾಲೆ ವಾರಗಟ್ಟಲೆ ಇಳಿಯದಿರುವುದೂ ಒಂದು ಸುಳಿವು. ಸಕ್ಕರೆ ಮತ್ತೆಮತ್ತೆ ತೀವ್ರವಾಗಿ ಕುಸಿದರೆ ಮೆದುಳಿಗೆ ಶಾಶ್ವತವಾದ ಹಾನಿ ತಟ್ಟೀತು. “ಕೆಲವು ಮಕ್ಕಳು ನಿಧಾನ, ಬೆಳೆದಾವು ಬಿಡಿ” ಎಂಬ ಸಮಾಧಾನದ ಮಾತು ಇಲ್ಲಿ ಅಪಾಯಕರವೆಂದೇ ನಮ್ಮ ಅಭಿಪ್ರಾಯ. ನವಜಾತ ಶಿಶುವಿನ ರಕ್ತದಲ್ಲಿ ಈ ಹಾರ್ಮೋನು ಸಹಜವಾಗಿಯೇ ಹೇರಳ. ಆದುದರಿಂದ ಮೊದಲ ವಾರದಲ್ಲಿ ಅದು ತೀರ ಕಡಿಮೆಯಿದ್ದರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ಚಿಕಿತ್ಸೆಯೆಂದರೆ ಇಲ್ಲದುದನ್ನು ಹೊರಗಿನಿಂದ ಒದಗಿಸುವುದು. ದನ, ಹಂದಿಗಳ ಹಾರ್ಮೋನು ಮನುಷ್ಯನಲ್ಲಿ ಕೆಲಸಮಾಡದು. ಅಮೆರಿಕದ ಮಾರಿಸ್ ರಾಬೆನ್ ಮೃತರ ಗ್ರಂಥಿಗಳಿಂದ ಪಡೆದ ಹಾರ್ಮೋನಿನಿಂದ ಒಬ್ಬ ರೋಗಿ ಬೆಳೆದುದನ್ನು 1958ರಲ್ಲಿ ಪ್ರಕಟಿಸಿದರು. ಅಂಥ ಹಾರ್ಮೋನು ಪಡೆದ ಕೆಲವರು ಮಾರಕವಾದ ಮೆದುಳುರೋಗಕ್ಕೆ ತುತ್ತಾದುದು 1985ರಲ್ಲಿ ಬೆಳಕಿಗೆ ಬಂದು, ಅಮೆರಿಕದಲ್ಲಿ ಅದರ ವಿತರಣೆ ನಿಂತಿತು. ಅದೇ ವರ್ಷ ಬ್ಯಾಕ್ಟೀರಿಯಗಳಿಂದ ತಯಾರಿಸಿದ ಹಾರ್ಮೋನಿಗೆ ಅಲ್ಲಿ ಒಪ್ಪಿಗೆ ದೊರೆಯಿತು. ಇಂದು ಸಾಮಾನ್ಯವಾಗಿ ದಿನಕ್ಕೊಮ್ಮೆ, ಸಣ್ಣ ಸೂಜಿಯಿಂದ, ಚರ್ಮದ ಕೆಳಗೆ ಇದನ್ನು ಚುಚ್ಚುತ್ತಾರೆ. ಅದೇ ಗ್ರಂಥಿಯ ದೋಷದಿಂದ ಕಾರ್ಟಿಸಾಲ್ ಕೂಡ ಕೊರತೆಯಾಗಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಶೈಶವದಲ್ಲಿಯೇ ಆರಂಭಿಸಿದರೆ ಸಕ್ಕರೆ ನೆಲೆನಿಲ್ಲುವುದಲ್ಲದೆ, ಬೆಳವಣಿಗೆಯ ರೇಖೆಯ ಏರು ಮತ್ತೆ ಕಡಿದಾಗುತ್ತದೆ.

ವೆಚ್ಚ ಹೆಚ್ಚು, ಚಿಕಿತ್ಸೆ ವರ್ಷಗಟ್ಟಲೆ ನಡೆಯುವಂಥದು. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯ ಪಟ್ಟಿಯಲ್ಲಿ, ಪರೀಕ್ಷೆಯಿಂದ ದೃಢಪಟ್ಟ ಈ ಕೊರತೆಯ ಚಿಕಿತ್ಸೆಯೂ ಸೇರಿದೆ. ಆ ನೀತಿಯಂತೆ ಕರ್ನಾಟಕದ ಕೇಂದ್ರವಿರುವುದು ಬೆಂಗಳೂರಿನಲ್ಲಿ. ಆದರೆ ಮೊದಲ ಪರೀಕ್ಷೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಕೂಸಿನ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದಲ್ಲಿ ಸಕ್ಕರೆಯನ್ನು ಅಳೆಯುವುದು ರಾಣೆಬೆನ್ನೂರಿನಲ್ಲಿಯೇ ಆಗುವ ಕೆಲಸ.